ಓದುಗರ ಪ್ರಶ್ನೆ: ಯುದ್ಧವಿಮಾನ ಕಾರ್ಖಾನೆಗಳನ್ನು ಸರ್ಕಾರ ಸಾಕಬೇಕೆ?

ಪ್ರಶ್ನೆ: ನಾವು ವಿಜಯಪುರದ ಕಡೆಯವರು, ಪುಣೆಗೆ ಬಂದು ನೆಲೆಸಿ ಬಹಳ ಕಾಲವಾಯಿತು. ಮಗ ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಕಂಪ್ಯೂಟರ್ ನಿಯಂತ್ರಿತ (ಸಿಎನ್‌ಸಿ) ಯಂತ್ರಗಳಿರುವ ಸಣ್ಣ ವರ್ಕ್‌ಶಾಪಿನಲ್ಲಿ ವಿಮಾನದ ಬಿಡಿಭಾಗಗಳನ್ನು ತಯಾರಿಸುತ್ತಾನೆ. ಆರ್ಡರ್ ಇದ್ದಾಗ ಓವರ್‌ಟೈಮ್, ಇಲ್ಲದಿದ್ದರೆ ಕೈ ಖಾಲಿ. ಯುದ್ಧವಿಮಾನಗಳನ್ನು ಹೊರಗಿನಿಂದ ಕೊಂಡರೆ ಅಗ್ಗವಾಗುವುದಾದರೆ, ಕೇವಲ ನೌಕರಿ ಉಳಿಸಲು ಸರ್ಕಾರ ಎಚ್‌ಎಎಲ್‌ನಂಥ ಕಾರ್ಖಾನೆಗಳಿಗೆ ಸಾವಿರಾರು ಕೋಟಿ ಸುರಿಯುವುದು ಸರಿಯೇ? ಅದರಲ್ಲಿ ನಮ್ಮಂಥವರಿಗೆ ಏನು ಸಿಗುತ್ತದೆ?
– ಓದುಗರೊಬ್ಬರು, ಭೋಸರಿ, ಪುಣೆ

ಉತ್ತರ: ನೌಕರಿ ಕೊಡುವುದೊಂದೇ ಗುರಿಯಾಗಿದ್ದರೆ ಅಷ್ಟು ಹಣಕ್ಕೆ ಬೇರೆ ದಾರಿಗಳಿವೆ. ಇಲ್ಲಿ ಉಳಿಯಬೇಕಾದದ್ದು ನಿಮ್ಮ ಮಗನಂಥವರ ಕೈಗೆ ಹತ್ತಿರುವ ಕಸಬು. ಅವರು ತಯಾರಿಸುವ ಒಂದು ಬ್ರಾಕೆಟ್ಟನ್ನೇ ನೋಡಿ. ಅಲ್ಯೂಮಿನಿಯಂ ಮಿಶ್ರಲೋಹದ ಗಟ್ಟಿಯಲ್ಲಿ ಹೆಚ್ಚಿನ ಭಾಗ ಚೂರಾಗಿ ಉದುರಿ, ಉಳಿದ ಸ್ವಲ್ಪವೇ ಬಿಡಿಭಾಗವಾಗುತ್ತದೆ. ಆ ಗಟ್ಟಿ ಲೋಹದ ಯಾವ ಕರಗುವಿಕೆಯ ತಂಡದಲ್ಲಿ (ಹೀಟ್) ಎರಕವಾಯಿತು ಎಂಬುದರಿಂದ ಹಿಡಿದು ಪ್ರತಿಯೊಂದು ಅಳತೆಯವರೆಗೆ ದಾಖಲೆ ಅದರ ಜೊತೆಗೇ ಸಾಗುತ್ತದೆ. ಮೊದಲ ಬಿಡಿಭಾಗವನ್ನು ಪೂರ್ತಿ ಪರೀಕ್ಷಿಸಿ ಒಪ್ಪಿದ ಮೇಲಷ್ಟೇ ಉಳಿದವುಗಳ ತಯಾರಿ. ಈ ಉದ್ಯಮದ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಉತ್ಪಾದನೆ ಎರಡು ವರ್ಷ ನಿಂತುಹೋದರೆ ಆ ಪರೀಕ್ಷೆಯನ್ನು ಮತ್ತೆ ನಡೆಸಬೇಕು. ಅಷ್ಟರಲ್ಲಿ ನುರಿತ ಕೆಲಸಗಾರ ಕಾರಿನ ಬಿಡಿಭಾಗಗಳ ಕಾರ್ಖಾನೆ ಸೇರಿದ್ದರೆ, ಹೊಸಬನನ್ನು ತಯಾರು ಮಾಡುವ ಖರ್ಚೂ ಬೇರೆ.

ಕೆಲಸ ಕಡಿದುಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ನಿದರ್ಶನವಿದೆ. ಜರ್ಮನಿಯ ವಿಮಾನ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಮಾರುತ್ ಯುದ್ಧವಿಮಾನ 1961ರ ಜೂನ್ 17ರಂದು ಮೊದಲ ಬಾರಿ ಹಾರಿತು. ತಕ್ಕ ಶಕ್ತಿಯ ಎಂಜಿನ್ ಸಿಗದೆ ಒಟ್ಟು 147 ವಿಮಾನಗಳಿಗೇ ಅದರ ತಯಾರಿಕೆ ನಿಂತಿತು. ನಮ್ಮದೇ ವಿನ್ಯಾಸದ ಮುಂದಿನ ಯುದ್ಧವಿಮಾನ ತೇಜಸ್ ಹಾರಿದ್ದು 2001ರ ಜನವರಿಯಲ್ಲಿ. ನಡುವಿನ ಸುಮಾರು 40 ವರ್ಷಗಳಲ್ಲಿ ಚದುರಿಹೋದ ಅನುಭವದ ಬೆಲೆ ಯಾವ ಲೆಕ್ಕಪತ್ರದಲ್ಲೂ ಬರೆದಿಲ್ಲ.

ಹಾಗಾಗಿ ನನ್ನ ಮಟ್ಟಿಗೆ, ಸರ್ಕಾರದ ನೆರವೆಂದರೆ ಅನುದಾನಕ್ಕಿಂತ ಮುಖ್ಯವಾಗಿ ಸಾಲುಸಾಲಾಗಿ ಬರುವ ಆರ್ಡರ್. 1964ರಲ್ಲಿ ಮಿಗ್ ವಿಮಾನಗಳಿಗಾಗಿ ನಿಮ್ಮದೇ ರಾಜ್ಯದ ನಾಸಿಕ್ ಬಳಿಯ ಓಝರ್‌ನಲ್ಲಿ ಆರಂಭವಾದ ಎಚ್‌ಎಎಲ್ ಘಟಕ ಮುಂದೆ 222 ಸುಖೋಯ್-30 ವಿಮಾನಗಳನ್ನು ತಯಾರಿಸಿತು. ಆ ಆರ್ಡರ್ ಮುಗಿದ ಮೇಲೆ 12 ಸುಖೋಯ್‌ಗಳಿಗೆ ಒಪ್ಪಂದವಾದದ್ದು 2024ರ ಡಿಸೆಂಬರಿನಲ್ಲಿ. ಅದೇ ಘಟಕದಲ್ಲಿ 2025ರ ಅಕ್ಟೋಬರ್ 17ರಂದು ತೇಜಸ್‌ನ ಸುಧಾರಿತ ಮಾದರಿ ಮಾರ್ಕ್-1ಎಯ ತಯಾರಿಕಾ ಸಾಲು ಉದ್ಘಾಟನೆಯಾಯಿತು. 2021ರ 83 ತೇಜಸ್‌ಗಳ ಒಪ್ಪಂದದ ಬೆನ್ನಿಗೆ, 2025ರ ಸೆಪ್ಟೆಂಬರಿನಲ್ಲಿ ಇನ್ನೂ 97 ವಿಮಾನಗಳಿಗೆ 62,370 ಕೋಟಿ ರೂಪಾಯಿಯ ಒಪ್ಪಂದವಾಗಿರುವುದರಿಂದ ಸಣ್ಣ ವರ್ಕ್‌ಶಾಪಿನವರೂ ಯಂತ್ರಕ್ಕೆ ಸಾಲ ತೆಗೆಯುವ ಧೈರ್ಯ ಮಾಡಬಹುದು.

ನಿಮ್ಮ ಆಕ್ಷೇಪದಲ್ಲಿ ಹುರುಳಿದೆ. ಇಲ್ಲಿ ತಯಾರಾದ ಸುಖೋಯ್ ರಷ್ಯಾದಿಂದ ನೇರವಾಗಿ ತರಿಸಿದ್ದಕ್ಕಿಂತ ದುಬಾರಿಯಾಗಿತ್ತು. ಆರ್ಡರ್ ಕೊಟ್ಟ ಸರ್ಕಾರವು ವಿಳಂಬವನ್ನೂ ಬೆಲೆಯನ್ನೂ ಕಟ್ಟುನಿಟ್ಟಾಗಿ ಪ್ರಶ್ನಿಸಲೇಬೇಕು. ಎಂಜಿನ್ನಿನ ಕೊರತೆಯಂತೂ ಮಾರುತ್ ಕಾಲದಿಂದ ಬಿಟ್ಟಿಲ್ಲ: 2021ರಲ್ಲಿ ತೇಜಸ್‌ಗಾಗಿ ಅಮೆರಿಕದ ಜಿಇ ಕಂಪನಿಗೆ ಆರ್ಡರ್ ಕೊಟ್ಟ 99 ಎಂಜಿನ್‌ಗಳಲ್ಲಿ ಮೊದಲನೆಯದು ಬಂದದ್ದು 2025ರ ಮಾರ್ಚಿನಲ್ಲಿ. ಹಣ ಸುರಿಯುವುದೇ ಆದರೆ ಮೊದಲು ದೇಶೀ ಎಂಜಿನ್ನಿಗೆ ಸುರಿಯಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ನಿಮ್ಮ ಪಾಲಿನ ಮಾತು. ಎಚ್‌ಎಎಲ್ ಸೇರಿದಂತೆ ಕೇಂದ್ರದ ಸಾರ್ವಜನಿಕ ಉದ್ದಿಮೆಗಳು ತಮ್ಮ ವಾರ್ಷಿಕ ಖರೀದಿಯಲ್ಲಿ ಶೇ. 25ರಷ್ಟನ್ನು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕೆಂಬ ನಿಯಮವಿದೆ. 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಕಾಯ್ದೆಯ ಪ್ರಕಾರ ಇಂಥ ಉದ್ಯಮಗಳ ಬಿಲ್ಲನ್ನು ಹೆಚ್ಚೆಂದರೆ 45 ದಿನಗಳಲ್ಲಿ ಪಾವತಿಸಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಮಗನ ಮಾಲೀಕರು ಇಂಥ ಉದ್ಯಮಗಳಿಗೆ ಸರ್ಕಾರ ಕೊಡುವ ‘ಉದ್ಯಮ್’ ನೋಂದಣಿ ಮಾಡಿಸಿದ್ದಾರೆಯೇ ಎಂದು ಕೇಳಿ ನೋಡಿ. ನೋಂದಣಿಯಿದ್ದು ಬಿಲ್ ಬಾಕಿ ಉಳಿದಿದ್ದರೆ ಕೇಂದ್ರ ಎಂಎಸ್‌ಎಂಇ ಸಚಿವಾಲಯದ ಆನ್‌ಲೈನ್ ಪೋರ್ಟಲಿನಲ್ಲಿ ದೂರು ದಾಖಲಿಸಬಹುದು.