ಡ್ರ್ಯಾಗನ್ ಬಂದ ಊರಲ್ಲಿ ಅಡುಗೆ ಯಾರದು?

ಈ ಸಲ ಬಂದ ಪತ್ರಗಳಲ್ಲಿ ಫ್ಯಾಂಟಸಿ ಕಾದಂಬರಿಗಳ ಮಾತೇ ಜಾಸ್ತಿ. ಹಾಗಾಗಿ ಪೂರ್ತಿ ಅಂಕಣ ಅದಕ್ಕೇ ಕೊಟ್ಟಿದ್ದೇನೆ. ಮೊದಲ ಪತ್ರ ಉದ್ದ ಇದೆ, ಆದರೆ ಕತ್ತರಿಸೋಕೆ ಮನಸ್ಸಾಗಲಿಲ್ಲ.

ಪ್ರಶ್ನೆ: ಮೇಡಂ, ನಾನು ದಾವಣಗೆರೆಯವನು, ಕೆಲಸ ಬೆಂಗಳೂರಲ್ಲಿ. ಮೆಟ್ರೋದಲ್ಲಿ ಹೋಗಿ ಬರುವಾಗ ಓದುತ್ತೇನೆ. ಈಚೆಗೆ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿಗಳ ಹುಚ್ಚು ಹಿಡಿದಿದೆ. ನನಗೆ ಅನಿಸಿದ್ದನ್ನು ಹೇಳಿಬಿಡುತ್ತೇನೆ, ನೀವು ಬೈದರೂ ಪರವಾಗಿಲ್ಲ. ಬ್ರ್ಯಾಂಡನ್ ಸ್ಯಾಂಡರ್ಸನ್ ಬರೆದ 'ಮಿಸ್ಟ್‌ಬಾರ್ನ್' ಸೂಪರ್. ಲೋಹದ ಚೂರು ನುಂಗಿ ಹೊಟ್ಟೆಯೊಳಗೇ ಉರಿಸಿದರೆ ಶಕ್ತಿ ಬರುತ್ತದೆ. ಕಬ್ಬಿಣ ಉರಿಸಿದರೆ ಲೋಹವನ್ನು ಎಳೆಯಬಹುದು, ಉಕ್ಕು ಉರಿಸಿದರೆ ತಳ್ಳಬಹುದು, ತವರ ಆದರೆ ಕಣ್ಣು ಕಿವಿ ಚುರುಕಾಗುತ್ತದೆ. ಎಲ್ಲಾ ಪಕ್ಕಾ ಲೆಕ್ಕ. ಪ್ಯಾಟ್ರಿಕ್ ರಾತ್‌ಫಸ್ ಅವರ 'ದಿ ನೇಮ್ ಆಫ್ ದಿ ವಿಂಡ್' ಕೂಡ ಇಷ್ಟವಾಯಿತು. ಆದರೆ ಎರಡನೇ ಭಾಗ 2011ರಲ್ಲೇ ಬಂತು, ಮೂರನೆಯದಕ್ಕೆ ಇನ್ನೂ ಕಾಯಬೇಕು ಅಂದರೆ ಇದು ಓದುಗರಿಗೆ ಮಾಡಿದ ಮೋಸ ಅಲ್ವಾ? ರಾಬರ್ಟ್ ಜೋರ್ಡನ್ ಅವರ 'ದಿ ವ್ಹೀಲ್ ಆಫ್ ಟೈಮ್' ಸರಣಿಯನ್ನು ಹತ್ತನೇ ಸಂಪುಟದಲ್ಲಿ ಕೈಬಿಟ್ಟೆ. ಕೊನೆಗೆ, ಎಲ್ಲರೂ ಹೊಗಳುತ್ತಾರೆ ಅಂತ ಅರ್ಸುಲಾ ಲೆಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ಥ್‌ಸೀ' ಓದಿದೆ. ಸಪ್ಪೆ. ದೊಡ್ಡ ಯುದ್ಧ ಒಂದೂ ಇಲ್ಲ. ಡ್ರ್ಯಾಗನ್ ಎದುರಿಗೆ ಬಂದರೆ ಹೀರೋ ಮಾತಾಡಿ ಕಳಿಸುತ್ತಾನೆ. ಮಂತ್ರದ ಲೆಕ್ಕಾಚಾರವೂ ಸರಿಯಾಗಿ ಹೇಳಲ್ಲ. ನನ್ನ ರುಚಿಯೇ ಸರಿಯಿಲ್ವಾ?

ಉತ್ತರ: ರುಚಿ ಸರಿಯಾಗಿಯೇ ಇದೆ. ಬೈಯುವಂಥದ್ದು ಏನೂ ಇಲ್ಲ. ಆದರೆ ಜಗಳ ಆಡುವಂಥದ್ದು ಇದೆ.

ನನಗೆ ಒಂದು ಚಾಳಿ. ಯಾವ ಫ್ಯಾಂಟಸಿ ಕಾದಂಬರಿ ತೆಗೆದರೂ ಮಂತ್ರ ಬರುವವರನ್ನು ಬಿಟ್ಟು ಬರದವರನ್ನು ಹುಡುಕುತ್ತೇನೆ. ಈ ಊರಲ್ಲಿ ಅಡುಗೆ ಯಾರು ಮಾಡುತ್ತಾರೆ, ದೋಣಿ ಯಾರು ರಿಪೇರಿ ಮಾಡುತ್ತಾರೆ, ರಾಜನ ಯುದ್ಧಕ್ಕೆ ತೆರಿಗೆ ಯಾರು ಕಟ್ಟುತ್ತಾರೆ? ಇದಕ್ಕೆ ಪುಸ್ತಕದಲ್ಲಿ ಉತ್ತರ ಸಿಕ್ಕರೆ ಆ ಲೋಕವನ್ನು ನಂಬುತ್ತೇನೆ. ಸಿಗಲಿಲ್ಲ ಅಂದರೆ ನಕ್ಷೆ ಎಷ್ಟು ಚೆಂದ ಇದ್ದರೂ, ಮಂತ್ರದ ಲೆಕ್ಕ ಎಷ್ಟು ಪಕ್ಕಾ ಇದ್ದರೂ, ನೂರು ಪುಟ ಆಗುವಷ್ಟರಲ್ಲಿ ನನಗೆ ಆಕಳಿಕೆ.

'ಮಿಸ್ಟ್‌ಬಾರ್ನ್' ಮೊದಲ ಪುಸ್ತಕ, 2006ರದ್ದು, ನನಗೂ ಇಷ್ಟ. ಆದರೆ ನನಗೆ ನೆನಪಿರುವುದು ಲೋಹದ ಪಟ್ಟಿ ಅಲ್ಲ, ಬೂದಿ. ಆಕಾಶದಿಂದ ಬೂದಿ ಸುರಿಯುತ್ತಲೇ ಇರುತ್ತದೆ, ಸ್ಕಾ ಅನ್ನುವ ಕೂಲಿ ಜನ ಅದರಡಿಯಲ್ಲೇ ಹೊಲದಲ್ಲಿ ದುಡಿಯುತ್ತಾರೆ. ಸಾವಿರ ವರ್ಷದಿಂದ ಒಬ್ಬನೇ ಆಳುತ್ತಿದ್ದಾನೆ ಅನ್ನುವುದು ಆ ಬೂದಿಯಿಂದಲೇ ಮೈಗೆ ತಟ್ಟುತ್ತದೆ. ಬೇಸರ ಏನೆಂದರೆ, ಕತೆ ಬೇಗ ಅವರನ್ನು ಬಿಟ್ಟು ಕಳ್ಳರ ತಂಡದ ಪ್ಲಾನಿಗೆ ಹೋಗುತ್ತದೆ, ವಿನ್ ಅನ್ನುವ ಹುಡುಗಿ ಚೆಂದದ ಗೌನ್ ಹಾಕಿ ಶ್ರೀಮಂತರ ನೃತ್ಯಕೂಟಗಳಿಗೆ ಹೋಗುತ್ತಾಳೆ, ಮಜಾ ಇದೆ ನಿಜ, ಆದರೆ ಯಾರಿಗಾಗಿ ಈ ದಂಗೆಯೋ ಆ ಸ್ಕಾ ಜನ ಪುಸ್ತಕದ ಬಹುಪಾಲು ಗುಂಪಾಗಿಯೇ ಉಳಿಯುತ್ತಾರೆ. ಅವರಲ್ಲಿ ಎಷ್ಟು ಜನರ ಮುಖ ನಿಮಗೆ ನೆನಪಿದೆ, ಹೇಳಿ ನೋಡೋಣ?

ರಾತ್‌ಫಸ್ ವಿಷಯದಲ್ಲಿ 'ಮೋಸ' ಅನ್ನುವ ಮಾತು ನಾನು ಒಪ್ಪಲ್ಲ. ನೀವು ದುಡ್ಡು ಕೊಟ್ಟಿದ್ದು ಎರಡು ಪುಸ್ತಕಕ್ಕೆ, ಎರಡೂ ಸಿಕ್ಕಿವೆ. ಆದರೆ ಸಿಟ್ಟು ಅರ್ಥವಾಗುತ್ತದೆ. ಹೀರೋ ಕ್ವೋತ್ ಒಂದು ಛತ್ರದಲ್ಲಿ ಕೂತು ಮೂರು ದಿನದಲ್ಲಿ ತನ್ನ ಕತೆ ಹೇಳುತ್ತೇನೆ ಅನ್ನುತ್ತಾನೆ, ದಿನಕ್ಕೊಂದು ಪುಸ್ತಕ. ಮೂರನೇ ದಿನ ಬೆಳಗಾಗಲೇ ಇಲ್ಲ. ಅವನು ಎಂಥ ಜಾಣ, ಎಂಥ ಗಾಯಕ ಅನ್ನುವುದೆಲ್ಲ ನನಗೆ ಸ್ವಲ್ಪ ಅತಿ ಅನಿಸಿತು. ನಾನು ಪುಟ ತಿರುಗಿಸಿದ್ದು ಕಾಲೇಜ್ ಫೀಸಿಗಾಗಿ! ಪ್ರತಿ ಟರ್ಮಿಗೂ ಮೇಷ್ಟ್ರುಗಳು ಪ್ರಶ್ನೆ ಕೇಳಿ ಫೀಸು ಗೊತ್ತು ಮಾಡುತ್ತಾರೆ. ಹುಡುಗನ ಕೈಯಲ್ಲಿ ಕಾಸಿಲ್ಲ. ಡೇವಿ ಅನ್ನುವ ಹೆಂಗಸಿನ ಹತ್ತಿರ ಬಡ್ಡಿ ಸಾಲಕ್ಕೆ ಹೋದರೆ ಅವಳು ಅಡಮಾನಕ್ಕೆ ರಕ್ತ ಕೇಳುತ್ತಾಳೆ. ಮಂತ್ರ ನಡೆಯುವ ಲೋಕದಲ್ಲಿ ಒಬ್ಬರ ರಕ್ತ ಇನ್ನೊಬ್ಬರ ಕೈಯಲ್ಲಿದ್ದರೆ ಏನಾಗಬಹುದು ಅಂತ ಓದುಗರಿಗೆ ಗೊತ್ತು, ಹಾಗಾಗಿ ಯಾವ ರಾಕ್ಷಸನಿಗೂ ಹೆದರದಷ್ಟು ಆ ಬಡ್ಡಿಯವಳಿಗೆ ಹೆದರುತ್ತೇವೆ. ಸಾಲ ಮಾಡಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜೋರ್ಡನ್ ಬಿಟ್ಟಿದ್ದು ಸರಿಯಾದ ಜಾಗದಲ್ಲೇ. ಹತ್ತನೆಯದು, 2003ರದ್ದು, ಪುಟ ಮುಗಿದರೂ ಕತೆ ಮುಂದೆ ಹೋಗಲ್ಲ ಅಂತ ಅಭಿಮಾನಿಗಳೇ ಗೊಣಗಿದ ಪುಸ್ತಕ. ನೈನೀವ್ ಅನ್ನುವ ನಾಯಕಿ ಎಷ್ಟು ಸಲ ಜಡೆ ಎಳೆದುಕೊಳ್ಳುತ್ತಾಳೆ, ದೇವರೇ. ಆದರೆ ಹನ್ನೊಂದರಲ್ಲಿ ಕತೆ ಮತ್ತೆ ಎದ್ದು ಓಡುತ್ತದೆ. ಜೋರ್ಡನ್ 2007ರಲ್ಲಿ ತೀರಿಕೊಂಡರು, ಅವರು ಬಿಟ್ಟುಹೋದ ಟಿಪ್ಪಣಿ ಇಟ್ಟುಕೊಂಡು ಕೊನೆಯ ಮೂರು ಸಂಪುಟ ಬರೆದವರು ನಿಮ್ಮ ಮೆಚ್ಚಿನ ಸ್ಯಾಂಡರ್ಸನ್ನೇ, ಹದಿನಾಲ್ಕನೆಯದು 2013ರಲ್ಲಿ ಮುಗಿಯಿತು. ಮನಸ್ಸಿದ್ದರೆ ಹನ್ನೊಂದಕ್ಕೆ ಹಾರಿ. ಇಲ್ಲದಿದ್ದರೆ ಅಲ್ಲಿಗೇ ಬಿಡಿ, ಪರೀಕ್ಷೆ ಏನೂ ಇಲ್ಲ.

ಈಗ ಅರ್ಥ್‌ಸೀ. ಇಲ್ಲಿ ನಿಮ್ಮನ್ನು ಸುಮ್ನೆ ಬಿಡಲ್ಲ.

ಮೊದಲು ಒಂದು ತಿದ್ದುಪಡಿ. ಹೀರೋ ಗೆಡ್ ಬರೀ ಮಾತಾಡಿ ಬರಲ್ಲ, ಪೆಂಡಾರ್ ದ್ವೀಪದಲ್ಲಿ ಮರಿ ಡ್ರ್ಯಾಗನ್‌ಗಳನ್ನು ಕೊಂದ ಮೇಲೆಯೇ ಹಳೇ ಡ್ರ್ಯಾಗನ್ ಎದುರಿಗೆ ಬರುತ್ತದೆ. ಅದಕ್ಕಿಂತ ಮುಖ್ಯ, ಅವನು ಅಲ್ಲಿಗೆ ಯಾಕೆ ಹೋದ? ಅದು ಅವನ ಡ್ಯೂಟಿ. ರೋಕ್ ದ್ವೀಪದ ವಿದ್ಯಾಶಾಲೆಯಲ್ಲಿ ಓದು ಮುಗಿಸಿದ ಮೇಲೆ ಅವನಿಗೆ ಸಿಗುವ ಕೆಲಸ ಯಾವ ಅರಮನೆಯಲ್ಲೂ ಅಲ್ಲ. ಲೋ ಟಾರ್ನಿಂಗ್ ಅನ್ನುವ ಮೀನುಗಾರರ ಪುಟ್ಟ ಊರಲ್ಲಿ. ಪಕ್ಕದ ದ್ವೀಪದಲ್ಲಿ ಡ್ರ್ಯಾಗನ್ ಇದೆ, ಜನಕ್ಕೆ ಹೆದರಿಕೆ, ಒಬ್ಬ ಮಂತ್ರವಾದಿ ಬೇಕು ಅಂತ ಕೇಳಿದ್ದಾರೆ. ಅಲ್ಲಿ ಪೆಚ್ವಾರಿ ಅನ್ನುವ ದೋಣಿ ಕಟ್ಟುವವನ ಸ್ನೇಹವಾಗುತ್ತದೆ. ಗೆಡ್ ದೋಣಿಗೆ ಹಾಕುವ ಮಂತ್ರ ಕಲಿಸುತ್ತಾನೆ, ಪೆಚ್ವಾರಿ ದೋಣಿ ನಡೆಸುವುದನ್ನು ಕಲಿಸುತ್ತಾನೆ. ಆಮೇಲೆ ಪೆಚ್ವಾರಿಯ ಮಗುವಿಗೆ ಜ್ವರ ಬರುತ್ತದೆ. ಗೆಡ್ ತನ್ನ ವಿದ್ಯೆಯೆಲ್ಲ ಹಾಕುತ್ತಾನೆ, ಸತ್ತವರ ಲೋಕದ ಅಂಚಿನವರೆಗೂ ಮಗುವಿನ ಹಿಂದೆ ಓಡುತ್ತಾನೆ, ಉಳಿಸೋಕೆ ಆಗಲ್ಲ. ಡ್ರ್ಯಾಗನ್ ಗೆಲ್ಲುವವನು ಜ್ವರದ ಎದುರು ಸೋಲುತ್ತಾನೆ. ಅದನ್ನು ಓದಿದ ಮೇಲೆ ನನಗೆ ಯುದ್ಧ ಬೇಕು ಅಂತ ಅನಿಸಲೇ ಇಲ್ಲ.

ಲೆಕ್ಕಾಚಾರ ಇಲ್ಲ ಅಂದಿರಲ್ಲ, ಅದೂ ಇದೆ, ಪಟ್ಟಿ ಮಾಡಿ ಕೊಟ್ಟಿಲ್ಲ ಅಷ್ಟೇ. ಗಾಂಟ್ ದ್ವೀಪದಲ್ಲಿ ಮಂತ್ರ ಬಲ್ಲವರು ಜಾಸ್ತಿ. ಮಳೆ ಮೋಡ ಬಂದರೆ ಒಬ್ಬ ಅದನ್ನು ಪಕ್ಕದ ಊರಿಗೆ ತಳ್ಳುತ್ತಾನೆ, ಅಲ್ಲಿಯವನು ಇನ್ನೊಂದು ಊರಿಗೆ ತಳ್ಳುತ್ತಾನೆ, ಪಾಪ ಮೋಡ ಕೊನೆಗೆ ಸಮುದ್ರದ ಮೇಲೆ ಹೋಗಿ ಸುರಿಯಬೇಕು. ಗೆಡ್‌ನ ಗುರು ಓಗಿಯನ್ ಮಾತ್ರ ಮಳೆಯನ್ನು ಅದರ ಪಾಡಿಗೆ ಬಿಟ್ಟು ಮರದಡಿ ಮಲಗುತ್ತಾನೆ. ಶಿಷ್ಯನಿಗೆ ಸಿಟ್ಟು, ಇಷ್ಟೆಲ್ಲ ಶಕ್ತಿ ಇಟ್ಟುಕೊಂಡು ನೆನೆಯೋದು ಯಾಕೆ ಅಂತ. ನಿಮ್ಮ ಸಿಟ್ಟೂ ಅದೇ! ಲೆಗ್ವಿನ್ ನಿಮ್ಮನ್ನು ಮೊದಲೇ ಊಹಿಸಿ ಪುಸ್ತಕದೊಳಗೆ ಕೂರಿಸಿದ್ದಾರೆ.

ಅರ್ಥ್‌ಸೀ ಸರಣಿಯ ಎರಡನೆಯದು, 'ದಿ ಟೂಂಬ್ಸ್ ಆಫ್ ಅಟುವಾನ್', 1971ರದ್ದು, ಓದಿ. ಚಿಕ್ಕ ಹುಡುಗಿಯನ್ನು ಮನೆಯಿಂದ ಕರೆತಂದು, ಹೆಸರೂ ಕಿತ್ತುಕೊಂಡು, ಕತ್ತಲ ದೇವತೆಗಳ ಪೂಜಾರಿಣಿ ಮಾಡುತ್ತಾರೆ. ನೆಲದಡಿಯ ಸುರಂಗದಲ್ಲಿ ದೀಪ ಹಚ್ಚುವಂತಿಲ್ಲ, ಗೋಡೆ ಮುಟ್ಟಿ ತಿರುವು ಎಣಿಸುತ್ತಾ ಅವಳು ದಾರಿ ಕಲಿಯುತ್ತಾಳೆ. ನನಗೆ ಇದು ಮೊದಲನೆಯದಕ್ಕಿಂತ ಮೇಲು. 1990ರ 'ತೆಹಾನು' ನಿಮಗೆ ಈಗ ಬೇಡ. ಅದರಲ್ಲಿ ಗೆಡ್ ಶಕ್ತಿಯೆಲ್ಲ ಕಳೆದುಕೊಂಡು ಮೇಕೆ ಕಾಯಲು ಹೋಗುತ್ತಾನೆ, ನೀವು ಪುಸ್ತಕವನ್ನು ಮೆಟ್ರೋ ಕಿಟಕಿಗೆ ಎಸೆದೀರಿ. ಹತ್ತು ವರ್ಷ ಬಿಟ್ಟು ನೋಡೋಣ.

ಪ್ರಶ್ನೆ: ಸುಸಾನಾ ಕ್ಲಾರ್ಕ್ ಅವರ 'ಪಿರನೇಸಿ' ಓದಿದೆ. ಮೊದಲ ಅರ್ಧ ತುಂಬಾ ಹಿಡಿಸಿತು. ಕೊನೆಗೆ ಎಲ್ಲಾ ಬಿಡಿಸಿ ಹೇಳಿ ಪತ್ತೇದಾರಿ ಕತೆ ಮಾಡಿಬಿಟ್ಟರು ಅನಿಸಿತು. ನಿಮಗೆ? (ಮೈಸೂರಿನಿಂದ)

ಉತ್ತರ: ಅರ್ಧ ಒಪ್ಪುತ್ತೇನೆ. ಕತೆ ನಡೆಯುವ ಆ ವಿಚಿತ್ರ ಮನೆ ಯಾಕಿದೆ, ಯಾರು ಯಾರನ್ನು ಅಲ್ಲಿ ಸಿಕ್ಕಿಸಿದರು ಅನ್ನುವ ವಿವರ ಬರುವಾಗ ನನಗೂ ಸ್ವಲ್ಪ ಉತ್ಸಾಹ ಇಳಿಯಿತು. ಕೆಟ್ಟವರು ಬಾಯಿ ತೆರೆದರೆ ಕತೆ ಚಿಕ್ಕದಾಗುತ್ತದೆ. ಆದರೆ ಪಿರನೇಸಿ ಬದುಕುವ ರೀತಿ ನೋಡಿ. ಕೊನೆಯಿಲ್ಲದ ಹಜಾರಗಳು, ಸಾವಿರಾರು ಪ್ರತಿಮೆಗಳು, ಕೆಳಗಿನ ಅಂತಸ್ತಿನಲ್ಲಿ ಸಮುದ್ರ, ಮೇಲೆ ಮೋಡ. ಇಂಥ ಜಾಗದಲ್ಲಿ ಅವನು ಮಾಡುವುದು ಮನೆಗೆಲಸ. ಮೀನು ಹಿಡಿಯುತ್ತಾನೆ, ಸಮುದ್ರದ ಪಾಚಿ ಒಣಗಿಸುತ್ತಾನೆ, ಉಬ್ಬರದ ವೇಳೆ ಲೆಕ್ಕ ಹಾಕಿ ಬರೆದಿಡುತ್ತಾನೆ. ಅಲ್ಲಿ ಸತ್ತವರ ಮೂಳೆಗಳಿಗೆ ಅನ್ನ ನೀರು ಇಟ್ಟು ಬರುತ್ತಾನೆ. ಆಲ್ಬಟ್ರಾಸ್ ಹಕ್ಕಿಗಳು ಬಂದಾಗ, ಚಳಿಗಾಲದಲ್ಲಿ ಬೆಂಕಿಗೆ ಬೇಕು ಅಂತ ಕೂಡಿಟ್ಟ ಒಣ ಪಾಚಿಯನ್ನೇ ಗೂಡು ಕಟ್ಟಿಕೊಳ್ಳಲಿ ಅಂತ ಕೊಡುತ್ತಾನೆ. ತನಗೆ ಚಳಿಯಾಗುತ್ತದೆ ಅಂತ ಗೊತ್ತು, ಆದರೂ ಕೊಡುತ್ತಾನೆ. ಕತೆಯ ಗುಟ್ಟು ನನಗೆ ಮರೆತು ಹೋದರೂ ಅದು ಮರೆಯಲ್ಲ.

ಈ ಪುಸ್ತಕ ಬಂದದ್ದು 2020ರಲ್ಲಿ, ಮುಂದಿನ ವರ್ಷ ಲೇಖಕಿಯರ ಕಾದಂಬರಿಗೆ ಕೊಡುವ ವುಮೆನ್ಸ್ ಪ್ರೈಜ್ ಬಂತು. ಅವರ ಮೊದಲ ಕಾದಂಬರಿ 2004ರದ್ದು, ಅಡಿಟಿಪ್ಪಣಿ ತುಂಬಿದ ಭಾರೀ ಗಾತ್ರದ ಪುಸ್ತಕ. ನಡುವೆ ಬಹಳ ವರ್ಷ ಕಾಯಿಲೆಯಲ್ಲಿ ಮನೆಯಲ್ಲೇ ಇದ್ದರು. ಹೊರಗೆ ಹೋಗಲಾಗದ ಮನೆಯನ್ನು ಪ್ರೀತಿಯಿಂದ ಬರೆಯುವುದು ಅವರಿಗೆ ಎಲ್ಲಿಂದ ಬಂತು ಅಂತ ನಾನೇ ಊಹಿಸಿಕೊಂಡಿದ್ದೇನೆ, ತಪ್ಪಿದ್ದರೂ ಇರಬಹುದು.

ಪ್ರಶ್ನೆ: ಫ್ಯಾಂಟಸಿ ಅಂದರೆ ಎಲ್ಲರೂ ಮುಖ ಗಂಟಿಕ್ಕಿಕೊಂಡೇ ಇರಬೇಕಾ? ನಗುವ ಪುಸ್ತಕ ಇಲ್ವಾ? (ಹುಬ್ಬಳ್ಳಿಯಿಂದ)

ಉತ್ತರ: ಟೆರ್ರಿ ಪ್ರಾಚೆಟ್. 'ಡಿಸ್ಕ್‌ವರ್ಲ್ಡ್' ಸರಣಿಯಲ್ಲಿ 41 ಕಾದಂಬರಿ ಇವೆ, ಕ್ರಮವಾಗಿಯೇ ಓದಬೇಕು ಅಂತಿಲ್ಲ. 1989ರ 'ಗಾರ್ಡ್ಸ್! ಗಾರ್ಡ್ಸ್!' ಇಂದ ಶುರು ಮಾಡಿ. ಒಂದು ರಹಸ್ಯ ಗುಂಪು ಡ್ರ್ಯಾಗನ್ ಕರೆಸಿ ತಮಗೆ ಬೇಕಾದವನನ್ನು ರಾಜ ಮಾಡಲು ಹೊರಡುತ್ತದೆ, ಕೊನೆಗೆ ಡ್ರ್ಯಾಗನ್ನೇ ಸಿಂಹಾಸನ ಏರುತ್ತದೆ. ಊರಿನ ದೊಡ್ಡ ಮನುಷ್ಯರು ಎಷ್ಟು ಬೇಗ ಅದಕ್ಕೆ ಹೊಂದಿಕೊಳ್ಳುತ್ತಾರೆ ನೋಡಿ. ನಗು ಬರುತ್ತದೆ, ಆಮೇಲೆ ಸ್ವಲ್ಪ ಹೊತ್ತು ಬರಲ್ಲ. ಊರು ಕಾಯುವವರು ಸಂಬಳ ಕಡಿಮೆ ಇರುವ, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ನಾಲ್ಕು ಜನ ಕಾವಲುಗಾರರು.

ಪ್ರಶ್ನೆ: ಮಗಳಿಗೆ ಹನ್ನೊಂದು ವರ್ಷ. ಪಾಠದ ಪುಸ್ತಕ ಬಿಟ್ಟು ಮಾಯಾಜಾಲದ ಕತೆಗಳನ್ನೇ ಓದುತ್ತಾಳೆ. ಬಿಡಿಸಬೇಕಾ? (ಶಿವಮೊಗ್ಗದ ತಾಯಿ)

ಉತ್ತರ: ಬೇಡಮ್ಮ. ಬಿಡಿಸಿದರೆ ಹೊದಿಕೆಯೊಳಗೆ ಟಾರ್ಚ್ ಹಾಕಿಕೊಂಡು ಓದುತ್ತಾಳೆ, ಕಣ್ಣಿಗೆ ಆಯಾಸ. ಪ್ರಾಚೆಟ್ ಅವರದ್ದೇ 'ದಿ ವೀ ಫ್ರೀ ಮೆನ್' ತಂದುಕೊಡಿ, 2003ರದ್ದು. ಟಿಫನಿ ಅನ್ನುವ ಒಂಬತ್ತು ವರ್ಷದ ಹುಡುಗಿ, ಬೆಣ್ಣೆ ಚೀಸು ಮಾಡುವುದರಲ್ಲಿ ಎತ್ತಿದ ಕೈ, ನೀರಿನಿಂದ ಎದ್ದು ಬಂದ ರಾಕ್ಷಸಿಗೆ ಬಾಣಲೆಯಿಂದ ಬಾರಿಸುತ್ತಾಳೆ. ತಮ್ಮನನ್ನು ಗಾಳಕ್ಕೆ ಕಟ್ಟುವ ಹುಳದ ಹಾಗೆ ದಡದಲ್ಲಿ ಕೂರಿಸಿ! ಮನೆಯಲ್ಲಿ ಚಿಕ್ಕ ಮಗ ಇದ್ದರೆ ಸ್ವಲ್ಪ ನಿಗಾ ಇರಲಿ.

ಪ್ರಶ್ನೆ: ಇಷ್ಟೊಂದು ಪುರಾಣ ಇರುವ ನಮ್ಮ ಭಾಷೆಯಲ್ಲಿ ಫ್ಯಾಂಟಸಿ ಕಾದಂಬರಿ ಯಾಕೆ ಇಲ್ಲ? (ಕುಂದಾಪುರದಿಂದ)

ಉತ್ತರ: ಕಡಿಮೆ ಇರಬಹುದು, ಇಲ್ಲವೇ ಇಲ್ಲ ಅನ್ನಬೇಡಿ. ಚಂದ್ರಶೇಖರ ಕಂಬಾರರ 'ಶಿಖರಸೂರ್ಯ' ಓದಿದ್ದೀರಾ? ವಿದ್ಯೆಯ ಆಸೆ, ಚಿನ್ನದ ಆಸೆ, ಅಧಿಕಾರದ ಆಸೆ, ಎಲ್ಲಾ ಇರುವ ದೊಡ್ಡ ಕಾದಂಬರಿ. ಅದನ್ನು ಯಾರೂ ಫ್ಯಾಂಟಸಿ ಅಂತ ಹೇಳಿ ಮಾರಲ್ಲ, ಹಾಗಾಗಿ ಆ ಕಪಾಟಿನಲ್ಲಿ ಹುಡುಕುವವರಿಗೆ ಸಿಗಲ್ಲ.

ಪುರಾಣ ಇದ್ದ ಮಾತ್ರಕ್ಕೆ ಆಗಲ್ಲ ಅಂತಲೂ ನನಗೆ ಅನಿಸುತ್ತದೆ. ದೇವರು, ರಾಜರಿಗೆ ಹೊಸ ಕತ್ತಿ ಕೊಟ್ಟು ಮತ್ತೆ ಯುದ್ಧಕ್ಕೆ ಕಳಿಸುವ ಪುಸ್ತಕಗಳು ಇಂಗ್ಲಿಷಿನಲ್ಲಿ ಬೇಕಾದಷ್ಟು ಬರುತ್ತಿವೆ, ನನಗೆ ಓದಿಸಿಕೊಳ್ಳಲ್ಲ. ನಿಮ್ಮೂರ ಕಡೆಯ ಯಕ್ಷಗಾನವೇ ವಾಸಿ. ರಕ್ಕಸ ಅಬ್ಬರಿಸಿ ಹೋದ ಮೇಲೆ ದೂತನಾಗಿಯೋ ಸೇವಕನಾಗಿಯೋ ಹಾಸ್ಯಗಾರ ಬಂದು ಮನೆ, ಹೆಂಡತಿ, ಊಟದ ಮಾತಾಡುತ್ತಾನಲ್ಲ, ಆಗ ಆ ಲೋಕ ನಮ್ಮದಾಗುತ್ತದೆ. ಗಿರೀಶ ಕಾರ್ನಾಡರ 'ನಾಗಮಂಡಲ' ನಾಟಕ, ಕಾದಂಬರಿ ಅಲ್ಲ, ಗೊತ್ತು. ಆದರೂ ನೋಡಿ. ಗಂಡ ಒಲಿಯಲಿ ಅಂತ ಕುರುಡವ್ವ ಕೊಟ್ಟ ಬೇರನ್ನು ರಾಣಿ ಅನ್ನುವ ಹುಡುಗಿ ಅರೆದು ಸಾರಿಗೆ ಹಾಕುತ್ತಾಳೆ, ಸಾರು ಕೆಂಪಾಗಿ ಕುದಿಯುವುದು ನೋಡಿ ಹೆದರಿ ಹುತ್ತಕ್ಕೆ ಸುರಿಯುತ್ತಾಳೆ, ಅಲ್ಲಿಂದ ಎಲ್ಲಾ ಶುರು. ಊರಿನ ಮನೆ ಮನೆಯ ದೀಪಗಳು ಆರಿದ ಮೇಲೆ ಗುಡಿಯಲ್ಲಿ ಸೇರಿ ಚಾಡಿ ಹೇಳುತ್ತವೆ. ಇಂಥ ಕಲ್ಪನೆಗೆ ಡ್ರ್ಯಾಗನ್ ಬೇಕಾಗಿಲ್ಲ.

ಇದೇ ದಾರಿಯಲ್ಲಿ ಕನ್ನಡದಲ್ಲಿ ಯಾರಾದರೂ ಕಾದಂಬರಿ ಬರೆಯುತ್ತಿದ್ದರೆ ಹಸ್ತಪ್ರತಿ ಕಳಿಸಿ, ಓದುತ್ತೇನೆ. ಒಂದೇ ಷರತ್ತು, ಒಂದೇ ಸಂಪುಟದಲ್ಲಿ ಮುಗಿದಿರಬೇಕು.