ಕೂಸು ಹುಟ್ಟುವ ಮುಂಚೆ ಅರ್ಜಿ

ಬಾಣಂತಿಯರಿಗೆ, ಕೂಸುಗಳಿಗೆ ಸಿಗುವ ಸರ್ಕಾರಿ ಹಣದ ಬಗ್ಗೆ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಓದುಗರು ಕೇಳಿದ ಪ್ರಶ್ನೆಗಳು ಈ ಸಲದ ಅಂಕಣದಲ್ಲಿವೆ. ಕೇಳಿದವರ ಹೆಸರು ಬಿಟ್ಟು ಊರನ್ನಷ್ಟೇ ಹಾಕಿದ್ದೇವೆ.

ನಮ್ಮ ಸೊಸಿ ಕುಬಸ ಮುಗಿಸಿಕೊಂಡು ತವರಿಗೆ ಹೋದಾಕಿ, ಅಲ್ಲೇ ಕುಷ್ಟಗಿ ಆಸ್ಪತ್ರ್ಯಾಗ ಹೆರಿಗಿ ಆತು. ಚೊಚ್ಚಲ ಗಂಡುಕೂಸು, ಈಗ ನಾಲ್ಕು ತಿಂಗಳು. ಐದು ಸಾವಿರ ರೂಪಾಯಿ ಬರ್ತದಂತ ಈಗ ಗೊತ್ತಾತು. ನಮ್ಮೂರ ಅಂಗನವಾಡ್ಯಾಗ ಕೇಳಿದ್ರ ‘ತವರೂರಾಗ ಕೇಳ್ರಿ’ ಅಂತಾರ, ಅಲ್ಲಿ ಕೇಳಿದ್ರ ‘ಗಂಡನ ಊರಾಗ ಕೇಳ್ರಿ’ ಅಂತಾರ. ಮೊದಲೇ ಯಾರೂ ಹೇಳಲಿಲ್ಲ. ಇನ್ನ ಸಿಗತದೇನು?
— ಮಸ್ಕಿ

ಸಿಗುತ್ತದೆ ತಾಯಿ, ಅವಧಿ ಇನ್ನೂ ಮೀರಿಲ್ಲ. ನೀವು ಕೇಳುತ್ತಿರುವುದು ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ ಹಣ. ಇದು ಕೇಂದ್ರದ ಯೋಜನೆ, ಹೀಗಾಗಿ ತವರೂರೋ ಗಂಡನ ಊರೋ ಎಂಬ ಜಗಳ ಇದರಲ್ಲಿ ಇಲ್ಲ. ಬಾಣಂತಿ ಈಗ ಎಲ್ಲಿದ್ದಾಳೋ ಆ ಊರಿನ ಅಂಗನವಾಡಿ ಕಾರ್ಯಕರ್ತೆಯ ಕಡೆಯಿಂದಲೇ ಅರ್ಜಿ ಹಾಕಿಸಿ. ಅವರು ಒಪ್ಪದಿದ್ದರೆ ವಲಯದ ಮೇಲ್ವಿಚಾರಕಿಯನ್ನು ಕೇಳಿ, ಅಲ್ಲೂ ಆಗದಿದ್ದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಹೋಗಿ.

ಲೆಕ್ಕ ಹೀಗಿದೆ. ಮೊದಲ ಮಗುವಿಗೆ ಒಟ್ಟು ₹5,000, ಎರಡು ಕಂತಿನಲ್ಲಿ. ಗರ್ಭಿಣಿ ಎಂದು ನೋಂದಾಯಿಸಿ, ಕೊನೆಯ ಮುಟ್ಟಿನಿಂದ ಆರು ತಿಂಗಳೊಳಗೆ ಒಂದು ಸಲವಾದರೂ ತಪಾಸಣೆ ಮಾಡಿಸಿಕೊಂಡಿದ್ದರೆ ₹3,000. ಮಗುವಿನ ಜನನ ನೋಂದಣಿಯಾಗಿ ಮೊದಲ ಸುತ್ತಿನ ಲಸಿಕೆ ಮುಗಿದರೆ ₹2,000. ಮೊದಲ ಸುತ್ತು ಮುಗಿಯುವುದೆಂದರೆ 6, 10, 14ನೇ ವಾರದ ಪೆಂಟಾವಲೆಂಟ್ ಲಸಿಕೆ ಮೂರೂ ಬಿದ್ದಿರಬೇಕು. ನಿಮ್ಮ ಮೊಮ್ಮಗನಿಗೆ ನಾಲ್ಕು ತಿಂಗಳಾಗಿದೆ, 14ನೇ ವಾರ ದಾಟಿದೆ. ಲಸಿಕೆ ತಪ್ಪಿಸದೇ ಇದ್ದರೆ ಎರಡೂ ಕಂತಿಗೆ ಈಗಲೇ ಅರ್ಹತೆ ಇದೆ.

ಅರ್ಜಿಯ ಗಡುವು ಕೊನೆಯ ಮುಟ್ಟಿನ ದಿನದಿಂದ 570 ದಿನ. ಒಂಬತ್ತು ತಿಂಗಳ ಬಸುರಿಗೆ 280, ಕೂಸಿನ ನಾಲ್ಕು ತಿಂಗಳಿಗೆ 120 ಕಳೆದರೆ ನಿಮಗೆ ಉಳಿದಿರುವುದು ಸುಮಾರು 170 ದಿನ. ಹೆಚ್ಚು ಅನ್ನಿಸಬಹುದು. ಆದರೆ ಒಂದು ಹೆಸರಿನ ತಿದ್ದುಪಡಿಗೇ ಎರಡು ತಿಂಗಳು ಹೋಗಬಹುದು, ನೆನಪಿರಲಿ.

ಈ ಅರ್ಜಿಯ ಮೂಲ ದಾಖಲೆ ಬಸುರಿಯ ಹೆಸರು ನೋಂದಾಯಿಸುವಾಗ ಕೊಡುವ ತಾಯಿ ಕಾರ್ಡ್. ಅದನ್ನು ಒಮ್ಮೆ ತೆರೆದು ನೋಡಿ. ‘ಕೊನೆಯ ಮುಟ್ಟಿನ ದಿನಾಂಕ’ ಎಂಬಲ್ಲಿ ತಾರೀಕು ಇದೆಯೇ? ಎಷ್ಟೋ ಕಾರ್ಡುಗಳಲ್ಲಿ ಹೆರಿಗೆಯ ಅಂದಾಜು ದಿನ ಮಾತ್ರ ಬರೆದು ಇದನ್ನು ಖಾಲಿ ಬಿಟ್ಟಿರುತ್ತಾರೆ. ದಿನಗಳ ಎಣಿಕೆಯೆಲ್ಲ ಅಲ್ಲಿಂದಲೇ ಶುರುವಾಗುವುದರಿಂದ ಆ ಜಾಗ ಖಾಲಿಯಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ತಪಾಸಣೆಯ ತಾರೀಕುಗಳು, ಆರ್‌ಸಿಎಚ್ ಸಂಖ್ಯೆ (ಬಸುರಿಯ ನೋಂದಣಿ ಸಂಖ್ಯೆ), ಹಿಂದಿನ ಪುಟಗಳಲ್ಲಿ ಲಸಿಕೆಯ ತಾರೀಕುಗಳು ಇರಬೇಕು. ಕುಷ್ಟಗಿಯಲ್ಲಿ ಹಾಕಿಸಿದ ಲಸಿಕೆ ಬೇರೆ ಚೀಟಿಯಲ್ಲಿದ್ದರೆ ಅದನ್ನೂ ಇದೇ ಕಾರ್ಡಿಗೆ ಏರಿಸಿಕೊಳ್ಳಿ.

ಜೊತೆಗೆ ತಾಯಿಯ ಆಧಾರ್, ಮಗುವಿನ ಜನನ ಪ್ರಮಾಣಪತ್ರ ಮತ್ತು ಅರ್ಹತೆಗೆ ಒಂದು ದಾಖಲೆ ಬೇಕು. ಬಿಪಿಎಲ್ ಪಡಿತರ ಚೀಟಿ, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್, ಇ-ಶ್ರಮ್ ಕಾರ್ಡ್, ಆಯುಷ್ಮಾನ್ ಕಾರ್ಡ್, ಪರಿಶಿಷ್ಟ ಜಾತಿ ಅಥವಾ ಪಂಗಡದ ಪ್ರಮಾಣಪತ್ರ, ಕುಟುಂಬದ ವಾರ್ಷಿಕ ಆದಾಯ ₹8 ಲಕ್ಷದೊಳಗಿನ ಪ್ರಮಾಣಪತ್ರ, ಇವುಗಳಲ್ಲಿ ಒಂದಿದ್ದರೆ ಸಾಕು. ಸರ್ಕಾರಿ ನೌಕರಿಯಲ್ಲಿರುವವರಿಗೂ, ಕಾನೂನಿನಡಿ ಬೇರೆ ಹೆರಿಗೆ ಭತ್ಯೆ ಪಡೆಯುವವರಿಗೂ ಈ ಹಣ ಇಲ್ಲ. ಅರ್ಜಿಯ ವೇಳೆ ಮೊಬೈಲಿನಲ್ಲಿ ಮುಖ ತೋರಿಸಿ ಆಧಾರ್ ದೃಢೀಕರಣ ಮಾಡಬೇಕಿರುವುದರಿಂದ ಸೊಸೆಯೇ ಬರಬೇಕು. ಅತ್ತೆ ಕಾಗದ ಹಿಡಿದುಕೊಂಡು ಹೋದರೆ ಕೆಲಸ ಆಗದು.

ಇನ್ನೊಂದು ತೊಡಕು ವಯಸ್ಸಿನದು. ತಾಯಿಗೆ 18 ವರ್ಷ 7 ತಿಂಗಳು ತುಂಬಿರಬೇಕು, ಅದನ್ನು ನೋಡುವುದು ಆಧಾರ್‌ನಲ್ಲಿರುವ ತಾರೀಕಿನಿಂದ. ನಮ್ಮ ಕಡೆ ಎಷ್ಟೋ ಜನರ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1 ಎಂದೇ ಇರುತ್ತದೆ. ನಿಜವಾದ ವಯಸ್ಸು ಹೆಚ್ಚಿದ್ದೂ ಕಾಗದದಲ್ಲಿ ಕಡಿಮೆಯಿದ್ದರೆ ಶಾಲೆಯ ದಾಖಲೆ ಹಿಡಿದು ಮೊದಲು ಆಧಾರ್ ತಿದ್ದಿಸಿ.

ಸರ್ಕಾರ ಇಷ್ಟೆಲ್ಲ ಯೋಜನೆ ಮಾಡ್ತದ, ಆದ್ರ ಹೆತ್ತವರಿಗೆ ತಿಳಿಸೋ ಹೊಣಿ ಯಾರದು? ರೇಡಿಯೊದಾಗ ಕೇಳಿದ್ದೇ ಹೊರತು ಮನಿಗೆ ಬಂದು ಹೇಳಿದವರಿಲ್ಲ.
— ದೇವದುರ್ಗ

ಮನೆಗೆ ಬಂದು ಹೇಳುವ ವ್ಯವಸ್ಥೆ ಇದೆ, ಆದರೆ ಆ ಮನೆಯಲ್ಲಿ ಬಾಣಂತಿ ಇರುವುದಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ, ಹೀಗೆ ಆರು ಸಲ ಮನೆಗೆ ಬರಬೇಕು. ಮನೆಯಲ್ಲೇ ಹೆರಿಗೆಯಾದರೆ ಮೊದಲ ದಿನವೂ ಸೇರಿ ಏಳು ಸಲ. ಆಮೇಲೆ 3, 6, 9, 12, 15ನೇ ತಿಂಗಳು. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ಗ್ರಾಮ ಆರೋಗ್ಯ ಮತ್ತು ಪೌಷ್ಟಿಕಾಂಶ ದಿನ ನಡೆಯುತ್ತದೆ. ಲಸಿಕೆ ಹಾಕುವುದು, ತಾಯಿ ಕಾರ್ಡ್ ತುಂಬುವುದು, ಯೋಜನೆಗಳನ್ನು ಹೇಳುವುದು ಎಲ್ಲ ಅಲ್ಲೇ.

ಈ ಸರಪಳಿ ಹೆಣ್ಣುಮಗಳು ಒಂದೇ ಊರಿನಲ್ಲಿರುತ್ತಾಳೆ ಎಂದು ಎಣಿಸಿ ಮಾಡಿದ್ದು. ನಮ್ಮಲ್ಲಿ ಬಸುರಿಯ ಹೆಸರು ಗಂಡನ ಊರಿನ ಪಟ್ಟಿಯಲ್ಲಿ, ಹೆರಿಗೆ ತವರಿನಲ್ಲಿ, ತೊಟ್ಟಿಲು ಇಳಿಸಿದ ಮೇಲೆ ಗಂಡನ ಜೊತೆ ಗುಳೆ. ಗಂಡನ ಊರಿನ ಆಶಾ ‘ಅವರು ಊರಾಗಿಲ್ಲ’ ಎಂದು ಬರೆದುಕೊಳ್ಳುತ್ತಾಳೆ. ತವರಿನ ಆಶಾ ‘ನಮ್ಮ ಪಟ್ಟಿಯಲ್ಲಿಲ್ಲ’ ಎನ್ನುತ್ತಾಳೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಸಂದೇಶ ಹೋಗುವ ಮೊಬೈಲ್ ಸಂಖ್ಯೆ ಗಂಡನದ್ದೋ ಮೈದುನನದ್ದೋ ಆಗಿರುತ್ತದೆ, ಆರು ತಿಂಗಳಲ್ಲಿ ಆ ಸಿಮ್ ಬದಲಾಗಿರುತ್ತದೆ. ಗೋಡೆಯ ಮೇಲಿನ ಭಿತ್ತಿಪತ್ರದಿಂದ ಜನರ ತಲೆಯಲ್ಲಿ ಉಳಿಯುವುದೂ ಮೊತ್ತ ಮಾತ್ರ, ಗಡುವಲ್ಲ. ಗಡುವು ಗೊತ್ತಿಲ್ಲದವರಿಗೆ ಮೊತ್ತ ಗೊತ್ತಿದ್ದು ಪ್ರಯೋಜನವೇನು?

ನೀವು ಮಾಡಬಹುದಾದದ್ದು ಇಷ್ಟು: ತವರಿಗೆ ಹೊರಡುವ ಮೊದಲೇ, ಅಂದರೆ ಐದು ತಿಂಗಳೊಳಗೆ, ಗಂಡನ ಊರಿನಲ್ಲಿ ಮೊದಲ ಕಂತಿನ ಅರ್ಜಿ ಹಾಕಿಸಿಬಿಡಿ. ಅರ್ಜಿಯಲ್ಲಿ ಆಕೆಯ ಕೈಯಲ್ಲೇ ಇರುವ ಮೊಬೈಲಿನ ಸಂಖ್ಯೆ ಕೊಡಿ. ತವರು ಮುಟ್ಟಿದ ವಾರದಲ್ಲೇ ಅಲ್ಲಿನ ಅಂಗನವಾಡಿಯಲ್ಲೂ ಆಶಾ ಹತ್ತಿರವೂ ಕಾರ್ಡ್ ತೋರಿಸಿ ಹೆಸರು ಬರೆಸಿ. ಬಸುರಿ–ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆಗೂ ಆಗಲೇ ಹೆಸರು ಸೇರುತ್ತದೆ.

ಮೊದಲನೆಯದು ಗಂಡು, ಈಗ ಹುಟ್ಟಿದ್ದು ಹೆಣ್ಣು. ಎರಡನೇ ಮಗುವಿಗೆ ಏನೂ ಬರೋದಿಲ್ಲ ಎಂದು ಕಂಪ್ಯೂಟರ್ ಅಂಗಡಿಯವರು ಹೇಳಿದರು. ಭಾಗ್ಯಲಕ್ಷ್ಮಿಯೂ ನಿಂತಿದೆಯಂತೆ, ನಿಜವೇ?
— ಸಂಡೂರು

ಅಂಗಡಿಯವರು ಹೇಳಿದ್ದು ಹಳೆಯ ನಿಯಮ. ಮಾತೃವಂದನಾ 2017ರಲ್ಲಿ ಶುರುವಾದಾಗ ಮೊದಲ ಮಗುವಿಗೆ ಮಾತ್ರ ಇತ್ತು. 2022ರ ಏಪ್ರಿಲ್ 1ರಿಂದ ಎರಡನೇ ಮಗು ಹೆಣ್ಣಾದರೆ ₹6,000 ಒಂದೇ ಕಂತಿನಲ್ಲಿ ಕೊಡುತ್ತಾರೆ. ಗಡುವು ಮಗು ಹುಟ್ಟಿದ ದಿನದಿಂದ 270 ದಿನ. ಆದರೆ 14ನೇ ವಾರದ ಲಸಿಕೆ ಮುಗಿಯುವ ತನಕ ಕಾಯಲೇಬೇಕು. ಹಾಗಾಗಿ ಕೈಯಲ್ಲಿ ಉಳಿಯುವುದು ಐದೂವರೆ ತಿಂಗಳು. ಎರಡನೆಯದೂ ಗಂಡಾದರೆ ಈ ಹಣ ಇಲ್ಲ.

ಭಾಗ್ಯಲಕ್ಷ್ಮಿ ನಿಂತಿಲ್ಲ, ರೂಪ ಬದಲಾಗಿದೆ. 2006ರಲ್ಲಿ ಬಾಂಡ್ ಕೊಡುತ್ತಿದ್ದರು. 2020–21ರಿಂದ ಅದರ ಬದಲು ಅಂಚೆ ಕಚೇರಿಯಲ್ಲಿ ಮಗುವಿನ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆದು ಸರ್ಕಾರವೇ ವರ್ಷಕ್ಕೆ ₹3,000ದಂತೆ 15 ವರ್ಷ, ಒಟ್ಟು ₹45,000 ಕಟ್ಟುತ್ತದೆ. ಬಿಪಿಎಲ್ ಕುಟುಂಬದ ಇಬ್ಬರು ಹೆಣ್ಣುಮಕ್ಕಳ ತನಕ ಸಿಗುತ್ತದೆ. ಹುಟ್ಟಿದ ಒಂದು ವರ್ಷದೊಳಗೆ ಅಂಗನವಾಡಿಯ ಮೂಲಕ ನೋಂದಾಯಿಸಬೇಕು. ಬಾಂಡ್ ಕೈಗೆ ಬರಲಿ ಎಂದು ಕಾಯುತ್ತ ವರ್ಷ ಕಳೆದುಕೊಂಡವರಿದ್ದಾರೆ. ಈಗ ನೀವು ಕೇಳಿ ಪಡೆಯಬೇಕಾದದ್ದು ಅಂಚೆ ಪಾಸ್‌ಬುಕ್.

ಹೆಂಡತಿಯ ತವರು ಆದೋನಿ. ಹೆರಿಗೆ ಅಲ್ಲೇ ಆಯಿತು. ಜನನ ನೋಂದಣಿ ಸಿರುಗುಪ್ಪದಲ್ಲಿ ಮಾಡಿಸಬಹುದೇ? ಹೆಸರಿಡುವುದು ಇನ್ನೂ ಆಗಿಲ್ಲ.
— ಸಿರುಗುಪ್ಪ ತಾಲ್ಲೂಕು

ಆಗದು. ಮಗು ಎಲ್ಲಿ ಹುಟ್ಟಿತೋ ಅಲ್ಲೇ ನೋಂದಣಿ, ರಾಜ್ಯ ಯಾವುದೇ ಇರಲಿ. ಆಸ್ಪತ್ರೆಯಲ್ಲಿ ಹುಟ್ಟಿದ್ದರೆ ಮಾಹಿತಿ ಕೊಡುವ ಹೊಣೆ ಆಸ್ಪತ್ರೆಯದ್ದು. ಬಿಡುಗಡೆಯ ದಿನವೇ ಆ ಫಾರ್ಮ್ ಹೋಗಿದೆಯೇ ಎಂದು ಕೇಳಿ. ಆಂಧ್ರದ ಆದೋನಿಯ ಪ್ರಮಾಣಪತ್ರ ಕರ್ನಾಟಕದಲ್ಲೂ ನಡೆಯುತ್ತದೆ. 21 ದಿನದೊಳಗಾದರೆ ಶುಲ್ಕವಿಲ್ಲ. ಅದು ದಾಟಿ 30 ದಿನದವರೆಗೆ ವಿಳಂಬ ಶುಲ್ಕ, ಅಲ್ಲಿಂದ ವರ್ಷದೊಳಗೆ ಮೇಲಧಿಕಾರಿಯ ಲಿಖಿತ ಅನುಮತಿಯೂ ಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು.

ಹೆಸರಿಟ್ಟಿಲ್ಲವೆಂದು ನೋಂದಣಿ ತಡ ಮಾಡಬೇಡಿ. ಹೆಸರಿನ ಜಾಗ ಖಾಲಿ ಬಿಟ್ಟು ನೋಂದಾಯಿಸಬಹುದು. 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸುತ್ತಾರೆ, ಆಮೇಲೆ 15 ವರ್ಷದ ತನಕ ಶುಲ್ಕದೊಂದಿಗೆ. ನೋಡಬೇಕಾದದ್ದು ತಾಯಿಯ ಹೆಸರನ್ನು. ಆಧಾರ್‌ನಲ್ಲಿ ‘ಹುಲಿಗೆಮ್ಮ’, ಆಸ್ಪತ್ರೆಯ ಚೀಟಿಯಲ್ಲಿ ‘ಹುಲಿಗೆವ್ವ’ ಎಂದಾದರೆ ಪ್ರಮಾಣಪತ್ರದಲ್ಲೂ ಅದೇ ಬರುತ್ತದೆ. ತಿದ್ದಿಸಲು ಮತ್ತೆ ಆದೋನಿಗೇ ಹೋಗಬೇಕು. ಹೆರಿಗೆಗೆ ದಾಖಲಾಗುವಾಗಲೇ ಆಧಾರ್ ಪ್ರತಿ ಕೊಟ್ಟು, ಅದನ್ನು ನೋಡಿಯೇ ಬರೆಯಿರಿ ಎಂದು ಹೇಳಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ ಸೇರುವುದರಿಂದ ಹಿಡಿದು ಹುಟ್ಟಿದ ದಿನಾಂಕಕ್ಕೆ ಈ ಪ್ರಮಾಣಪತ್ರವೇ ಆಧಾರ.

ಅರ್ಜಿ ಮಂಜೂರಾಗಿದೆ, ಹಣ ಹಾಕಿದ್ದಾರೆ ಅಂತಾರೆ. ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ಏನೂ ಇಲ್ಲ. ಖಾತೆ ನಂಬರ್ ಸರಿಯಾಗೇ ಇದೆ.
— ಗಂಗಾವತಿ

ಮಾತೃವಂದನಾ ಹಣ ಖಾತೆ ನಂಬರ್ ನೋಡಿ ಬರುವುದಿಲ್ಲ, ಆಧಾರ್ ನೋಡಿ ಬರುತ್ತದೆ. ನಿಮ್ಮ ಆಧಾರ್ ಸಂಖ್ಯೆ ಎನ್‌ಪಿಸಿಐ (ಬ್ಯಾಂಕುಗಳ ನಡುವೆ ಹಣ ಪಾವತಿ ನಡೆಸುವ ಸಂಸ್ಥೆ) ಪಟ್ಟಿಯಲ್ಲಿ ಯಾವ ಬ್ಯಾಂಕಿನ ಎದುರು ಇದೆಯೋ ಆ ಬ್ಯಾಂಕಿಗೆ ಹೋಗುತ್ತದೆ. ಒಂದು ಆಧಾರ್‌ಗೆ ಅಲ್ಲಿ ಒಂದೇ ಬ್ಯಾಂಕ್, ಕೊನೆಗೆ ಜೋಡಿಸಿದ್ದು. ಮದುವೆಗೆ ಮುಂಚೆ ವಿದ್ಯಾರ್ಥಿವೇತನಕ್ಕೆಂದು ತೆರೆದ ಖಾತೆ ಹಲವರಿಗೆ ಮರೆತೇ ಹೋಗಿರುತ್ತದೆ. ಹಣ ಬಹುಶಃ ಅಲ್ಲೇ ಕುಳಿತಿದೆ.

ಬ್ಯಾಂಕಿನಲ್ಲಿ ‘ಆಧಾರ್ ಲಿಂಕ್ ಆಗಿದೆಯಾ’ ಎಂದು ಕೇಳಿದರೆ ‘ಆಗಿದೆ’ ಎನ್ನುತ್ತಾರೆ. ಅವರು ಹೇಳುವುದು ಕೆವೈಸಿಗೆ, ಅಂದರೆ ಗುರುತಿನ ದಾಖಲೆಗೆ, ಕೊಟ್ಟ ಆಧಾರ್ ಬಗ್ಗೆ. ನೀವು ಕೇಳಬೇಕಾದದ್ದು ‘ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ, ಡಿಬಿಟಿಗೆ ಸೀಡಿಂಗ್ ಆಗಿದೆಯಾ’ ಎಂದು, ಅಂದರೆ ಸರ್ಕಾರದ ಹಣ ನೇರ ಬರಲು ಈ ಖಾತೆಗೆ ಆಧಾರ್ ಜೋಡಿಸಿದೆಯಾ ಎಂದು. ಆಗಿರದಿದ್ದರೆ ಒಪ್ಪಿಗೆಯ ಫಾರ್ಮ್ ತುಂಬಿ ಸಹಿ ಮಾಡಿ ಕೊಡಬೇಕು. ಆಧಾರ್ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ತೆರೆದರೆ ಬ್ಯಾಂಕಿನ ಹೆಸರು ಕಾಣುತ್ತದೆ, ಆದರೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು. ತೀರಾ ತೊಡಕಾದರೆ ಅಂಚೆ ಪೇಮೆಂಟ್ಸ್ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದು ಅದಕ್ಕೇ ಸೀಡಿಂಗ್ ಮಾಡಿಸಿ, ಈ ಕೆಲಸ ಪೋಸ್ಟ್‌ಮ್ಯಾನ್ ಕಡೆಯಿಂದಲೂ ಆಗುತ್ತದೆ.

ಗೃಹಲಕ್ಷ್ಮಿ ಬರುತ್ತಿದೆಯಲ್ಲ, ಇದೂ ಬರುತ್ತದೆ ಎಂಬ ಲೆಕ್ಕ ಇಲ್ಲಿ ಕೈಕೊಡುತ್ತದೆ. ಆ ಹಣ ಬರುವುದು ಮನೆಯ ಯಜಮಾನಿಗೆ, ಅಂದರೆ ಬಹಳ ಕಡೆ ಅತ್ತೆಗೆ. ಸೊಸೆಯ ಖಾತೆ ಪರೀಕ್ಷೆಗೆ ಒಳಗಾಗುವುದು ಇದೇ ಮೊದಲ ಸಲ.

ನಾವಿಬ್ಬರೂ ಬೆಂಗಳೂರಾಗ ಗಾರೆ ಕೆಲಸಕ್ಕ ಹೋಗ್ತೀವಿ. ಲೇಬರ್ ಕಾರ್ಡ್ ನನ್ನ ಹೆಸರಿಗೈತಿ. ಹೆಂಡ್ತಿ ಹೆರಿಗಿಗೆ ಐವತ್ತು ಸಾವಿರ ಬರ್ತದಂತ?
— ಯಲಬುರ್ಗಾ

ಕಟ್ಟಡ ಕಾರ್ಮಿಕರ ಮಂಡಳಿಯ ತಾಯಿ ಲಕ್ಷ್ಮೀ ಬಾಂಡ್ ₹50,000 ಮಹಿಳಾ ಕಾರ್ಮಿಕರಿಗೆ, ಮೊದಲ ಎರಡು ಹೆರಿಗೆಗೆ. ಗಂಡನ ಕಾರ್ಡಿನ ಮೇಲೆ ಹೆಂಡತಿಗೆ ಸಿಗದು. ಆಕೆಯೂ ದುಡಿಯುತ್ತಿದ್ದರೆ ಆಕೆಯ ಹೆಸರಿನಲ್ಲೇ ಕಾರ್ಡ್ ಮಾಡಿಸಬೇಕಿತ್ತು. ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ಇದ್ದರೆ ನೋಂದಣಿ ಆಗುತ್ತದೆ. ಈ ಹೆರಿಗೆಗೆ ತಡವಾಯಿತು, ಮುಂದಿನದಕ್ಕಾದರೂ ಮಾಡಿಸಿಡಿ. ಕಾರ್ಡ್ ಇರುವ ಹೆಣ್ಣುಮಕ್ಕಳು ಹೆರಿಗೆಯಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು, ಅಷ್ಟರಲ್ಲಿ ಕಾರ್ಡಿನ ನವೀಕರಣದ ತಾರೀಕು ಮುಗಿದಿರಬಾರದು. ಅವರಿಗೆ ‘ತಾಯಿ ಮಗು ಸಹಾಯ ಹಸ್ತ’ದಡಿ ವರ್ಷಕ್ಕೆ ₹6,000ದಂತೆ ಮೂರು ವರ್ಷ ಬೇರೆಯೇ ಇದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತರೆ ಕೈಗೆ ಹಣ ಕೊಡುತ್ತಾರೆಯೇ?
— ಮಾನ್ವಿ

ಕೈಗೆ ಕೊಡುವುದಿಲ್ಲ, ಖಾತೆಗೆ ಬರುತ್ತದೆ. ಜನನಿ ಸುರಕ್ಷಾ ಯೋಜನೆಯಲ್ಲಿ ಬಿಪಿಎಲ್, ಪರಿಶಿಷ್ಟ ಜಾತಿ, ಪಂಗಡದ ತಾಯಂದಿರಿಗೆ ಹಳ್ಳಿಯವರಾದರೆ ₹700, ಪಟ್ಟಣದವರಾದರೆ ₹600. ಇದಕ್ಕಿಂತ ದೊಡ್ಡದು ಉಳಿಯುವ ಖರ್ಚು. ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ತಪಾಸಣೆ ಎಲ್ಲ ಉಚಿತ. ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನ ಊಟವೂ ಉಚಿತ. ಹೋಗುವಾಗ 108, ಬರುವಾಗ ಬಾಣಂತಿ–ಕೂಸನ್ನು ಮನೆ ಮುಟ್ಟಿಸಲು ನಗು-ಮಗು ವಾಹನ. ಬಿಡುಗಡೆಯ ಹಿಂದಿನ ಸಂಜೆಯೇ ವಾರ್ಡಿನ ನರ್ಸ್‌ಗೆ ಹೇಳಿಡಿ. ಬೆಳಗ್ಗೆ ಎದ್ದು ಕೇಳಿದರೆ ಗಾಡಿ ಆಗಲೇ ಇನ್ನೊಬ್ಬರನ್ನು ಹತ್ತಿಸಿಕೊಂಡು ಹೊರಟಿರುತ್ತದೆ.