ರಜೆಯ ಉಡುಗೊರೆ: ಯಾರ ಕೈಗೆ ಯಾವ ಪುಸ್ತಕ?

ರಜೆ ಹತ್ತಿರವಾಗುತ್ತಿದ್ದಂತೆ ಪುಸ್ತಕ ಉಡುಗೊರೆಯ ಬಗ್ಗೆ ಪ್ರಶ್ನೆಗಳು ಹೆಚ್ಚಿವೆ. ಬಹುಪಾಲು ಪ್ರಶ್ನೆಗಳಿಗೆ ನಾವು ಮೊದಲು ತಿರುಗಿ ಕೇಳುವುದು ಒಂದನ್ನೇ: ಅವರು ಇತ್ತೀಚೆಗೆ ಕೊನೆಯ ಪುಟದವರೆಗೂ ಓದಿದ ಪುಸ್ತಕ ಯಾವುದು? ಹೊಗಳಿದ ಪುಸ್ತಕ, ಕಪಾಟಿನಲ್ಲಿ ಜೋಡಿಸಿಟ್ಟ ಪುಸ್ತಕ ಬೇರೆ. ಓದಿ ಮುಗಿಸಿದ್ದು ಮಾತ್ರ ಅವರ ರುಚಿ, ಬಿಡುವು, ತಾಳ್ಮೆ ಮೂರನ್ನೂ ಹೇಳುತ್ತದೆ.

ಪ್ರಶ್ನೆ: ತಂದೆಯವರಿಗೆ 74 ವರ್ಷ. ಇತಿಹಾಸ, ಜೀವನಚರಿತ್ರೆ ಎಂದರೆ ಪ್ರಾಣ. ಕಳೆದ ಸಲ ಕೊಟ್ಟ ದಪ್ಪ ಪುಸ್ತಕ ಅರ್ಧಕ್ಕೇ ನಿಂತಿದೆ. ಓದುವ ಆಸಕ್ತಿಯೇ ಹೋಯಿತೇ?

ಉತ್ತರ: ಆಸಕ್ತಿಗಿಂತ ಮೊದಲು ಕೈ, ಕಣ್ಣುಗಳನ್ನು ವಿಚಾರಿಸಿಕೊಳ್ಳಿ. ಡೆಮಿ 1/8 ಆಕಾರದ (ಸಾಮಾನ್ಯ ಕಾದಂಬರಿಗಳ ಅಳತೆ) 600 ಪುಟದ ಪುಸ್ತಕ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದದಲ್ಲಿದ್ದರೆ ರಟ್ಟಿನ ಲೆಕ್ಕ ಬಿಟ್ಟೇ 600 ಗ್ರಾಂ ದಾಟುತ್ತದೆ. ಅದೇ ಪುಸ್ತಕ 130 ಜಿಎಸ್‌ಎಂ ಆರ್ಟ್ ಪೇಪರ್‌ನಲ್ಲಿ ಬಂದರೆ ಒಂದು ಕಿಲೋಗೂ ಮೇಲೆ. ಆರಾಮಕುರ್ಚಿಯಲ್ಲಿ ಎತ್ತಿ ಹಿಡಿದು ಓದುವವರಿಗೆ ಇದು ಹತ್ತು ನಿಮಿಷದಲ್ಲೇ ಮಣಿಕಟ್ಟು ನೋಯಿಸುವ ಭಾರ. ಒಂದೇ ಕೃತಿ ಒಂದು ಸಂಪುಟದಲ್ಲೂ ಎರಡು ಸಂಪುಟಗಳಲ್ಲೂ ಸಿಗುವುದಾದರೆ ಎರಡರದ್ದನ್ನೇ ಕೊಳ್ಳಿ.

ಇನ್ನು ಅಕ್ಷರ. ದೊಡ್ಡಕ್ಷರದ ಮುದ್ರಣ ಎಂದರೆ ಸಾಮಾನ್ಯವಾಗಿ 16 ಪಾಯಿಂಟ್ ಮತ್ತು ಮೇಲಿನದು. ಅದು ಸಿಗದಿದ್ದರೆ ಅಕ್ಷರದ ಗಾತ್ರಕ್ಕಿಂತ ಸಾಲುಗಳ ನಡುವಿನ ಅಂತರವನ್ನು ಗಮನಿಸಿ. ಕನ್ನಡದಲ್ಲಿ ಇದು ಇನ್ನೂ ಮುಖ್ಯ: ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿತ ಚಿಹ್ನೆಗಳಿಗೆ ತಾಗುವಷ್ಟು ಒತ್ತೊತ್ತಾಗಿ ಜೋಡಿಸಿದ ಪುಟದಲ್ಲಿ ಅಕ್ಷರ ದೊಡ್ಡದಿದ್ದರೂ ಕಣ್ಣು ಸಾಲು ತಪ್ಪುತ್ತದೆ. ಕಾಗದ ಹೊಳೆಯದೆ ಸ್ವಲ್ಪ ಕೆನೆ ಬಣ್ಣಕ್ಕಿದ್ದರೆ ದೀಪದ ಬೆಳಕು ಕಣ್ಣಿಗೆ ಹೊಡೆಯುವುದಿಲ್ಲ.

ಬೈಂಡಿಂಗ್ ನೋಡಲು ಪುಸ್ತಕದ ಬೆನ್ನನ್ನು ಮೇಲಿನಿಂದ ಗಮನಿಸಿ. ಮಡಿಸಿದ ಕಾಗದದ ಸಣ್ಣ ಸಣ್ಣ ಕಟ್ಟುಗಳು ಸಾಲಾಗಿ ಕಂಡು, ಒಂದು ಕಟ್ಟಿನ ನಟ್ಟನಡುವಿನ ಪುಟ ತೆರೆದಾಗ ದಾರ ಕಂಡರೆ ಅದು ಹೊಲಿಗೆ ಬೈಂಡಿಂಗ್. ಮೇಜಿನ ಮೇಲಿಟ್ಟರೆ ಪುಟಗಳು ಮಟ್ಟಸವಾಗಿ ಬಿಚ್ಚಿಕೊಳ್ಳುತ್ತವೆ. ಬರೀ ಅಂಟು ಹಾಕಿದ ದಪ್ಪ ಪುಸ್ತಕವನ್ನು ಬಲವಂತವಾಗಿ ಅಗಲಿಸಬೇಕು. ಅಗಲಿಸಿದಂತೆ ಬೆನ್ನು ಸೀಳಿ ಹಾಳೆಗಳು ಕಳಚುತ್ತವೆ.

ಇ-ರೀಡರ್ ಕೊಡುವ ಯೋಚನೆಯಿದ್ದರೆ ತಂದೆಯವರು ಓದುವ ಬಗೆಯ ಪುಸ್ತಕಗಳು ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ಪರದೆಗೆ ತಕ್ಕಂತೆ ತಾವೇ ಹೊಂದಿಕೊಳ್ಳುವ ಇ-ಪಬ್ ರೂಪದಲ್ಲಿ ಸಿಗುತ್ತವೆಯೇ ನೋಡಿಕೊಳ್ಳಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಅಕ್ಷರ ದೊಡ್ಡದು ಮಾಡಿದಷ್ಟೂ ಸಾಲು ಪರದೆಯ ಹೊರಗೆ ಹೋಗುತ್ತದೆ. ಪ್ರತಿ ಸಾಲಿಗೂ ಪುಟವನ್ನು ಅತ್ತಿತ್ತ ಎಳೆಯುತ್ತ ಯಾರೂ ಇತಿಹಾಸ ಓದಲಾರರು.

ಇತಿಹಾಸದ ಪುಸ್ತಕ ಯಾವುದೇ ಇರಲಿ, ಹಿಂದಿನ ಪುಟಗಳಿಂದ ನೋಡಲು ಶುರುಮಾಡಿ. ಪದಸೂಚಿ, ಅಡಿಟಿಪ್ಪಣಿ, ನಕ್ಷೆ, ವಂಶಾವಳಿ ಇವೆಯೇ? ಅನುವಾದಿತ ಪುಸ್ತಕಗಳಲ್ಲಿ ಪುಟ ಉಳಿಸಲು ಮೊದಲು ಕತ್ತರಿ ಬೀಳುವುದು ಇವಕ್ಕೇ. ಗಂಭೀರವಾಗಿ ಓದುವವರಿಗೆ ಅದು ನಿಜವಾದ ನಷ್ಟ.

ಪ್ರಶ್ನೆ: ಅಕ್ಕ ಕಾದಂಬರಿಗಳನ್ನು ಅರೆದು ಕುಡಿದವರು. ಏನು ಕೊಟ್ಟರೂ ‘ಓದಿದ್ದೇನೆ’ ಎನ್ನುತ್ತಾರೆ. ವಿದೇಶಿ ಕಾದಂಬರಿಗಳ ಅನುವಾದ ಕೊಡಬಹುದೇ? ಒಂದಕ್ಕೆ ಎರಡು ಮೂರು ಅನುವಾದಗಳಿವೆ; ಆರಿಸುವುದು ಹೇಗೆ?

ಉತ್ತರ: ಖಂಡಿತ ಕೊಡಿ. ಪ್ರಶಸ್ತಿ ಬಂದ ಹೊಸ ಕಾದಂಬರಿಗಳ ಗೋಜಿಗೆ ಮಾತ್ರ ಹೋಗಬೇಡಿ. ಇಂಥ ಓದುಗರು ಅವನ್ನು ನಿಮಗಿಂತ ಮೊದಲೇ ಕೊಂಡಿರುತ್ತಾರೆ. ಸರಣಿಯ ಮುಂದಿನ ಭಾಗವೂ ಬೇಡ.

ಅನುವಾದ ಆರಿಸುವಾಗ ಶೀರ್ಷಿಕೆ ಪುಟದ ಹಿಂಬದಿ ನೋಡಿ. ಅನುವಾದಕರ ಹೆಸರಿದೆಯೇ? ಮೂಲ ಭಾಷೆಯಿಂದ ಬಂದದ್ದೇ, ನಡುವೆ ಇನ್ನೊಂದು ಭಾಷೆಯ ಮೂಲಕ ಬಂದದ್ದೇ? ಎರಡು ಹಂತ ದಾಟಿ ಬಂದ ಒಳ್ಳೆಯ ಅನುವಾದಗಳೂ ಇವೆ, ಆದರೆ ಅದನ್ನು ಮುಚ್ಚಿಡದೆ ಹೇಳಿದ ಪ್ರಕಾಶಕರನ್ನು ನಾವು ಹೆಚ್ಚು ನಂಬುತ್ತೇವೆ. ಅನುವಾದಕರ ಹೆಸರೇ ಇಲ್ಲದಿದ್ದರೆ ಅದು ಹಕ್ಕುಸ್ವಾಮ್ಯ ಮುಗಿದ ಹಳೆಯ ಅನುವಾದದ ಮರುಮುದ್ರಣ ಇರಬಹುದು. ‘ಸಂಗ್ರಹಾನುವಾದ’, ‘ಸಂಕ್ಷಿಪ್ತ’ ಎಂಬ ಮಾತು ಸಣ್ಣ ಅಕ್ಷರದಲ್ಲಿ ಎಲ್ಲಾದರೂ ಅಡಗಿದೆಯೇ ಎಂದೂ ಹುಡುಕಿ. ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ಯಂಥ ಕೃತಿ 300 ಪುಟಕ್ಕೆ ಇಳಿದಿದ್ದರೆ ಉಳಿದಿರುವುದು ಕಥಾಸಾರ ಮಾತ್ರ.

ಆಮೇಲೆ ಎರಡೂ ಅನುವಾದಗಳಲ್ಲಿ ಸಂಭಾಷಣೆ ಇರುವ ಒಂದೇ ಭಾಗವನ್ನು ಹುಡುಕಿ ತುಟಿ ಅಲ್ಲಾಡಿಸಿಕೊಂಡು ಓದಿ. ಮೊದಲ ಪುಟವನ್ನು ಎಲ್ಲರೂ ತಿದ್ದಿ ತೀಡಿರುತ್ತಾರೆ. ಅನುವಾದದ ಬಂಡವಾಳ ಬಯಲಾಗುವುದು ಜಗಳದಲ್ಲಿ, ಮನೆಮಾತಿನಲ್ಲಿ. ಅಜ್ಜಿಯೂ ಮೊಮ್ಮಗನೂ ಒಂದೇ ಧಾಟಿಯಲ್ಲಿ ಮಾತಾಡುತ್ತಿದ್ದರೆ ಆ ಪ್ರತಿಯನ್ನು ಅಲ್ಲೇ ಇಡಿ.

ಇಷ್ಟೆಲ್ಲ ಬೇಡವೆಂದರೆ ಇನ್ನೊಂದು ದಾರಿಯಿದೆ. ಅಕ್ಕ ಮೆಚ್ಚಿದ ಕಾದಂಬರಿಕಾರರ ಪತ್ರಗಳು, ದಿನಚರಿ, ಪ್ರಬಂಧಗಳ ಸಂಕಲನ ಕೊಡಿ. ಕಾದಂಬರಿಗಳನ್ನೆಲ್ಲ ಓದಿದವರೂ ಇವನ್ನು ಬಿಟ್ಟಿರುವುದು ಹೆಚ್ಚು. ದಿನಚರಿಗಳಲ್ಲಿ ಮಾತ್ರ ಆವೃತ್ತಿ ನೋಡಿ. ಆನ್ ಫ್ರಾಂಕ್ ದಿನಚರಿಯನ್ನೇ ತೆಗೆದುಕೊಳ್ಳಿ: 1947ರಲ್ಲಿ ಮೊದಲು ಅಚ್ಚಾದಾಗ ಆಕೆಯ ತಂದೆ ಕೆಲವು ಭಾಗಗಳನ್ನು ಕೈಬಿಟ್ಟಿದ್ದರು. ಅವು ಸೇರಿದ ಹೆಚ್ಚು ಪೂರ್ಣವಾದ ಆವೃತ್ತಿ ಬಂದದ್ದು 1991ರಲ್ಲಿ.

ಪ್ರಶ್ನೆ: 14 ವರ್ಷದ ಸೋದರ ಸೊಸೆಗೆ ಆಕಾಶ, ನಕ್ಷತ್ರಗಳ ಹುಚ್ಚು. ಅವಳ ತಾಯಿ ಜೀವಶಾಸ್ತ್ರ ಉಪನ್ಯಾಸಕಿ. ಇಬ್ಬರಿಗೂ ವಿಜ್ಞಾನದ ಪುಸ್ತಕ ಕೊಡುವ ಆಸೆ.

ಉತ್ತರ: ಹುಡುಗಿಯ ಪುಸ್ತಕಕ್ಕೆ ಮೊದಲ ಮುದ್ರಣದ ವರ್ಷವೇ ಮುಖ್ಯ. ‘ಹತ್ತನೇ ಮುದ್ರಣ’ ಎಂದಿದ್ದ ಮಾತ್ರಕ್ಕೆ ಒಳಗಿನದು ಹೊಸದಾಗುವುದಿಲ್ಲ. ‘ಪರಿಷ್ಕೃತ ಆವೃತ್ತಿ’ ಎಂದು ವರ್ಷದ ಸಮೇತ ಇರಬೇಕು. ಅಂಗಡಿಯಲ್ಲೇ ಪರೀಕ್ಷಿಸಿ. ಪ್ಲೂಟೊವನ್ನು ಒಂಬತ್ತನೆಯ ಗ್ರಹವೆಂದಿದ್ದರೆ ಅದು 2006ಕ್ಕಿಂತ ಹಿಂದಿನ ಬರಹ. ಗುರುತ್ವ ಅಲೆಗಳು ಇನ್ನೂ ಪತ್ತೆಯಾಗಿಲ್ಲ ಎಂದಿದ್ದರೆ 2016ಕ್ಕಿಂತ ಹಿಂದಿನದು. ಕಪ್ಪುಕುಳಿಯ ಮೊದಲ ಚಿತ್ರ ಪ್ರಕಟವಾದದ್ದು 2019ರಲ್ಲಿ. ಅದರ ಪ್ರಸ್ತಾಪವಿದ್ದರೆ ಪುಸ್ತಕ ಹೊಸದು. ಈ ವಯಸ್ಸಿನವರಿಗೆ ‘ಮಕ್ಕಳಿಗಾಗಿ’ ಎಂದು ಮುಖಪುಟದಲ್ಲೇ ಬರೆದ ಪುಸ್ತಕ ಕೊಡಬೇಡಿ. ಹುಚ್ಚಿದ್ದವರು ತಮ್ಮ ವಯಸ್ಸಿಗೆ ಮೀರಿದ್ದನ್ನು ತೊಡಕು ಬಂದಲ್ಲಿ ಹಾರಿಸಿಯಾದರೂ ಓದುತ್ತಾರೆ.

ತಾಯಿಗೆ ಕೊಡುವುದಾದರೆ ಲೆಕ್ಕ ತಿರುವುಮುರುವು. ಮೂಲಗ್ರಂಥವೊಂದರ ಒಳ್ಳೆಯ ಆವೃತ್ತಿ ಅವರಿಗೆ ಖುಷಿ ಕೊಡಬಹುದು. ಡಾರ್ವಿನ್ ಅವರ ‘ಜೀವಸಂಕುಲಗಳ ಉಗಮ’ ಅವರ ಜೀವಿತಕಾಲದಲ್ಲೇ 1859ರಿಂದ 1872ರವರೆಗೆ ಆರು ಆವೃತ್ತಿ ಕಂಡಿತು. ಆರನೆಯದರಲ್ಲಿ ಆಕ್ಷೇಪಗಳಿಗೆ ಉತ್ತರಿಸುವ ಒಂದು ಅಧ್ಯಾಯವೇ ಹೆಚ್ಚಿಗೆ ಇದೆ. ವಾದ ನೇರವಾಗಿ, ಗಟ್ಟಿಯಾಗಿ ಕೇಳುವುದು ಮೊದಲನೆಯದರಲ್ಲಿ. ಯಾವುದನ್ನು ಅಚ್ಚು ಹಾಕಿದ್ದಾರೆಂದು ಸಂಪಾದಕರ ಮುನ್ನುಡಿಯಲ್ಲಿ ಹೇಳಿರದಿದ್ದರೆ ಬೇರೆ ಪ್ರಕಾಶನದ್ದನ್ನು ನೋಡಿ.

ಪ್ರಶ್ನೆ: ಗೆಳೆಯ ಓದು ಬಿಟ್ಟು ವರ್ಷಗಳಾದವು. ಸದಾ ಮೊಬೈಲು. ಓದುವ ಹವ್ಯಾಸ ಬೆಳೆಸಿಕೊಳ್ಳುವ ಬಗ್ಗೆ ಒಂದು ಪುಸ್ತಕ ಕೊಡಲೇ?

ಉತ್ತರ: ದಯವಿಟ್ಟು ಬೇಡ. ಅದು ಉಡುಗೊರೆಯ ಕಾಗದದಲ್ಲಿ ಸುತ್ತಿದ ಬುದ್ಧಿವಾದ. ಮಲಗುವ ಮುನ್ನ 15 ನಿಮಿಷ ಸಿಕ್ಕರೆ ಓದು ಬಿಟ್ಟವರು 8ರಿಂದ 10 ಪುಟ ಓದಬಲ್ಲರು. ಆ ಅಳತೆಯಲ್ಲಿ ಒಂದೊಂದು ಬರಹ ಮುಗಿಯುವ, ಒಟ್ಟು 150 ಪುಟ ಮೀರದ ಪುಸ್ತಕ ಹುಡುಕಿ: ಸಣ್ಣಕತೆ, ಲಲಿತ ಪ್ರಬಂಧ, ಪ್ರವಾಸ, ವ್ಯಕ್ತಿಚಿತ್ರ. ಗೆಳೆಯ ಮೊಬೈಲಿನಲ್ಲಿ ಏನು ನೋಡುತ್ತಾನೆ ಎಂಬುದೇ ನಿಮಗೆ ಸುಳಿವು. ಕ್ರಿಕೆಟ್ ನೋಡುವವನಿಗೆ ಆಟಗಾರನ ಆತ್ಮಕಥೆ, ಅಡುಗೆ ವಿಡಿಯೊ ನೋಡುವವನಿಗೆ ಆಹಾರದ ಚರಿತ್ರೆ. ‘ಓದಿದೆಯಾ?’ ಎಂದು ಆಮೇಲೆ ಕೇಳಬೇಡಿ.

ಪ್ರಶ್ನೆ: ಕಚೇರಿಯ ಆರು ಮಂದಿಗೆ ಕೊಡಬೇಕು. ಅವರ ಓದಿನ ಬಗ್ಗೆ ಗೊತ್ತಿಲ್ಲ. ಪುಸ್ತಕದಲ್ಲಿ ಹೆಸರು ಬರೆಯಬೇಕೇ?

ಉತ್ತರ: ಆರೂ ಜನರಿಗೆ ಒಂದೇ ಪುಸ್ತಕ ಬೇಡ, ಸಣ್ಣ ಗಾತ್ರದ ಬೇರೆ ಬೇರೆ ಆರು ಪುಸ್ತಕ ಕೊಟ್ಟರೆ ತಮ್ಮತಮ್ಮಲ್ಲೇ ಬದಲಿಸಿಕೊಂಡು ಓದುತ್ತಾರೆ. ಧರ್ಮ, ರಾಜಕೀಯ, ತೂಕ ಇಳಿಸುವುದು, ಹಣ ಗಳಿಸುವುದು ಈ ನಾಲ್ಕು ವಿಷಯ ಬಿಡಿ. ನಿಮ್ಮ ಮಾತನ್ನು ಪ್ರತ್ಯೇಕ ಕಾರ್ಡಿನಲ್ಲಿ ಬರೆದು ಒಳಗಿಡಿ. ಹಾಳೆಯ ಮೇಲೆ ಬರೆದ ಪುಸ್ತಕವನ್ನು ಅಂಗಡಿಯವರು ಬದಲಿಸಿಕೊಡುವುದಿಲ್ಲ. ಬದಲಿಸಲು ಕೊನೆಯ ದಿನ ಯಾವುದೆಂದು ಕೇಳಿ ಬಿಲ್ಲನ್ನು ಇಟ್ಟುಕೊಂಡಿರಿ.

ಸುತ್ತುವ ಮುನ್ನ ಪ್ರತಿ ಪುಸ್ತಕದ ಪುಟಸಂಖ್ಯೆಗಳನ್ನು ಒಮ್ಮೆ ಓಡಿಸಿ ನೋಡಿ. ಪುಸ್ತಕಗಳು ಸಾಮಾನ್ಯವಾಗಿ 16 ಪುಟಗಳ ಕಟ್ಟುಗಳಾಗಿ, ಅಂದರೆ ಫಾರಂಗಳಾಗಿ ಮಡಿಕೆಯಾಗುತ್ತವೆ. ಬೈಂಡಿಂಗ್‌ನಲ್ಲಿ ಒಂದು ಫಾರಂ ಬಿಟ್ಟುಹೋಗುವುದು, ಒಂದೇ ಎರಡು ಸಲ ಸೇರುವುದು, ತಲೆಕೆಳಗಾಗುವುದು ಅಪರೂಪವೇನಲ್ಲ. 96ರ ನಂತರ ನೇರ 113 ಬಂದರೆ ನಡುವಿನ 16 ಪುಟ ಇಲ್ಲವೆಂದೇ ಅರ್ಥ. ಉಡುಗೊರೆ ಪಡೆದವರು ಸಂಕೋಚದಿಂದ ಇದನ್ನು ನಿಮಗೆ ಹೇಳುವುದಿಲ್ಲ, ಆದ್ದರಿಂದ ಕೊಳ್ಳುವಾಗಲೇ ಅಂಗಡಿಯ ಕಟ್ಟೆಯ ಮೇಲಿಟ್ಟು ನೋಡಿಬಿಡಿ.